ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಳಿ ಹುಲಿಗಳ ಹಳೆಯ ಪೋಸ್ಟರು

ಡಿಸೆಂಬರ್ 4ರ ನೌಕಾಪಡೆ ದಿನ ಹತ್ತಿರವಾಗುತ್ತಿರುವುದರಿಂದಲೋ ಏನೋ, ಈ ಸಲ ಕಲಾ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಸಂಬಂಧಿಸಿವೆ. ನೌಕಾಪಡೆಯ ಯುದ್ಧವಿಮಾನ ಸ್ಕ್ವಾಡ್ರನ್‌ಗಳ (ಅಂದರೆ ವಿಮಾನ ತುಕಡಿಗಳ) ಇತಿಹಾಸವನ್ನು ನೆನೆಯುವ, ಹಳೆಯ ಕಾಲದ ಭಿತ್ತಿಪತ್ರಗಳ ಧಾಟಿಯಲ್ಲಿ ಬರೆದ ಚಿತ್ರಗಳನ್ನು ಮಾಡಿಸುವುದು, ಕೊಳ್ಳುವುದು ಮತ್ತು ಗುರುತಿಸುವುದು ಹೇಗೆಂದು ಓದುಗರು ಕೇಳಿದ್ದಾರೆ. ಸಮುದ್ರದಿಂದ ಇಷ್ಟು ದೂರವಿರುವ ನಮ್ಮ ಜಿಲ್ಲೆಗಳಿಂದ ಇಂತಹ ಪ್ರಶ್ನೆಗಳು ಬಂದದ್ದು ಸಂತೋಷದ ಸಂಗತಿ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಮಾವನವರು 1971ರಲ್ಲಿ ವಿಕ್ರಾಂತ್ ನೌಕೆಯ ಮೇಲೆ ಸೀ ಹಾಕ್ ವಿಮಾನಗಳ ದುರಸ್ತಿಯ ಕೆಲಸದಲ್ಲಿದ್ದವರು. ಅವರ ಹುಟ್ಟುಹಬ್ಬಕ್ಕೆ ಹಳೆಯ ಪೋಸ್ಟರಿನಂತಹ ಚಿತ್ರವೊಂದನ್ನು ಮಾಡಿಸಿ ಕೊಡಬೇಕೆಂದಿದ್ದೇವೆ. ಡಿಸೈನ್ ಮಾಡುವ ಪರಿಚಿತ ಹುಡುಗನೊಬ್ಬ ಕರಡು ತಯಾರಿಸಿದ್ದಾನೆ. ಅದರಲ್ಲಿ ಹಡಗಿನ ಮುಂತುದಿ ಮೇಲಕ್ಕೆ ಬಾಗಿದೆ, ವಿಮಾನದ ಬಾಲದಿಂದ ಬೆಂಕಿಯ ಜ್ವಾಲೆ ಹೊರಡುತ್ತಿದೆ, ಹಿಂದೆ ಕರಾಚಿ ಬಂದರು ಉರಿಯುತ್ತಿದೆ, ಮೂಲೆಯಲ್ಲಿ ನೌಕಾಪಡೆಯ ಧ್ವಜವಿದೆ. ನೋಡಲು ಚೆಂದವಾಗಿದೆ. ಮಾವನವರಿಗೆ ತೋರಿಸುವ ಮೊದಲು ತಿದ್ದಬೇಕಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. (ಓದುಗರು, ಕಲಬುರಗಿ)

ಉತ್ತರ: ಮಾವನವರಿಗೆ ತೋರಿಸುವ ಮೊದಲು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ತಾವು ವರ್ಣಿಸಿದ ನಾಲ್ಕು ಅಂಶಗಳಲ್ಲಿ ಮೂರು ಖಂಡಿತವಾಗಿ ತಪ್ಪು, ನಾಲ್ಕನೆಯದೂ ತಪ್ಪಾಗಿರುವ ಸಂಭವವೇ ಹೆಚ್ಚು. ಆ ವಿಮಾನವನ್ನು ಕೈಯಾರೆ ಬಿಚ್ಚಿ ಜೋಡಿಸಿದವರ ಕಣ್ಣಿಗೆ ಇವು ಮೊದಲ ನೋಟದಲ್ಲೇ ಬೀಳುತ್ತವೆ.

ಮೊದಲು ಹಡಗನ್ನು ನೋಡೋಣ. ಬ್ರಿಟನ್ನಿನಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಕಟ್ಟಲಾರಂಭಿಸಿದ್ದ ವಿಮಾನವಾಹಕ ನೌಕೆಯನ್ನು ಭಾರತ 1957ರಲ್ಲಿ ಕೊಂಡುಕೊಂಡಿತು. ಅದು ವಿಕ್ರಾಂತ್ ಎಂಬ ಹೆಸರಿನಲ್ಲಿ 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ನಮ್ಮ ನೌಕಾಪಡೆಯ ಸೇವೆಗೆ ಸೇರಿತು. ಅದರ ಮುಂತುದಿ ಆಗ ಸಪಾಟಾಗಿತ್ತು. ಸೀ ಹಾಕ್ ವಿಮಾನಗಳನ್ನು ಆವಿಯ ಒತ್ತಡದಿಂದ ನಡೆಯುವ ಕ್ಯಾಟಪಲ್ಟ್ ಯಂತ್ರ ಎಳೆದು ಚಿಮ್ಮಿಸುತ್ತಿತ್ತು. ಮೇಲಕ್ಕೆ ಬಾಗಿದ ಇಳಿಜಾರು, ಅಂದರೆ ಸ್ಕೀ ಜಂಪ್, ಸೀ ಹ್ಯಾರಿಯರ್ ವಿಮಾನಗಳಿಗಾಗಿ 1980ರ ದಶಕದ ಕೊನೆಯ ಭಾಗದಲ್ಲಿ ಸೇರಿದ್ದು. ತಮ್ಮ ಡಿಸೈನರ್ ಅಂತರ್ಜಾಲದಲ್ಲಿ ಸಿಕ್ಕ ನಂತರದ ಕಾಲದ ಫೋಟೊವನ್ನೋ ಈಗಿನ ಹೊಸ ವಿಕ್ರಾಂತ್‌ನ ಫೋಟೊವನ್ನೋ ಇಟ್ಟುಕೊಂಡು ಬರೆದಿರಬೇಕು. ಇನ್ನೊಂದು ಸಂಗತಿಯನ್ನೂ ಪರೀಕ್ಷಿಸಿಕೊಳ್ಳಿ: ಮುಂತುದಿಯ ಕಡೆಗೆ ಮುಖಮಾಡಿ ನಿಂತಾಗ ಹಡಗಿನ ಮೇಲಿನ ಗೋಪುರದಂತಹ ಕಟ್ಟಡ ಬಲಗಡೆಗೆ ಬರಬೇಕು. ಚಿತ್ರದ ಜೋಡಣೆ ಚೆನ್ನಾಗಿ ಬರಲೆಂದು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿದಾಗ ಅದು ಎಡಕ್ಕೆ ಹೋಗಿಬಿಡುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ.

ಬಾಲದಿಂದ ಹೊರಡುವ ಜ್ವಾಲೆಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಹಾಕರ್ ಕಂಪನಿಯ ಸೀ ಹಾಕ್ ವಿಮಾನದಲ್ಲಿ ಇದ್ದದ್ದು ರೋಲ್ಸ್ ರಾಯ್ಸ್ ನೀನ್ ಎಂಬ ಒಂದೇ ಜೆಟ್ ಎಂಜಿನ್. ಆದರೆ ಅದರ ಬಿಸಿ ಹೊಗೆಯ ಕೊಳವೆ ವಿಮಾನದ ಒಡಲೊಳಗೆ ಇಬ್ಭಾಗವಾಗಿ, ಎಡ ಮತ್ತು ಬಲ ರೆಕ್ಕೆಗಳು ಒಡಲಿಗೆ ಸೇರುವ ಜಾಗದ ಹಿಂಬದಿಯಲ್ಲಿ ಒಂದೊಂದು ಬಾಯಿಯಾಗಿ ತೆರೆದುಕೊಳ್ಳುತ್ತಿತ್ತು. ಗಾಳಿ ಒಳಹೋಗುವ ಬಾಯಿಗಳೂ ಅದೇ ರೆಕ್ಕೆಗಳ ಬುಡದ ಮುಂಭಾಗದಲ್ಲಿದ್ದವು. ಆದ್ದರಿಂದ ಬಾಲದ ತುದಿ ಚೂಪಾಗಿ ಮುಚ್ಚಿಕೊಂಡಿರುತ್ತದೆ, ಅಲ್ಲಿ ಬೆಂಕಿ ಬರಲು ತೂತೇ ಇಲ್ಲ. ಬಾಲದ ಕೆಳಗೆ ಬರೆಯಲೇಬೇಕಾದದ್ದು ಹಡಗಿನ ಮೇಲೆ ಇಳಿಯುವಾಗ ಅಡ್ಡ ಕಟ್ಟಿದ ತಂತಿಯನ್ನು ಹಿಡಿಯುವ ಕೊಕ್ಕೆ. ಮೂಗಿನ ಕೆಳಭಾಗದಲ್ಲಿ 20 ಮಿ.ಮೀ. ಅಳತೆಯ ನಾಲ್ಕು ಫಿರಂಗಿಗಳ ಬಾಯಿಗಳು ಇರಬೇಕು. ರೆಕ್ಕೆಗಳು ನೇರವಾಗಿರಬೇಕು, ಮಿಗ್ ವಿಮಾನಗಳಂತೆ ಹಿಂದಕ್ಕೆ ಬಾಗಿರಬಾರದು. ಹಡಗಿನ ಮೇಲೆ ನಿಲ್ಲಿಸಿದಂತೆ ತೋರಿಸುವುದಾದರೆ ರೆಕ್ಕೆಗಳನ್ನು ಮೇಲಕ್ಕೆ ಮಡಿಚಿಯೂ ಬರೆಯಬಹುದು, ಹಳೆಯ ಪೋಸ್ಟರಿನ ಧಾಟಿಗೆ ಆ ಆಕಾರ ಬಹಳ ಚೆನ್ನಾಗಿ ಒಗ್ಗುತ್ತದೆ. ಬಣ್ಣ ಬ್ರಿಟಿಷ್ ನೌಕಾಪಡೆಯಿಂದ ಬಂದದ್ದು, ಮೇಲ್ಭಾಗ ಕಡು ಬೂದು ಮತ್ತು ಕೆಳಭಾಗ ಹಸಿರು ಛಾಯೆಯ ತಿಳಿ ಬೂದು. ಚಕ್ರಾಕಾರದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಬರಬೇಕು. ಹಲವರು ಅದರ ನಡುವೆ ಅಶೋಕ ಚಕ್ರವನ್ನು ಸೇರಿಸಿಬಿಡುತ್ತಾರೆ, ಅದು ಬೇಡ.

ಕರಾಚಿಯನ್ನು ಸಂಪೂರ್ಣವಾಗಿ ತೆಗೆಯಿರಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಕ್ಷಿಪಣಿ ದೋಣಿಗಳು, ನೌಕಾಪಡೆ ದಿನವನ್ನು ಆಚರಿಸುವುದೂ ಆ ನೆನಪಿಗಾಗಿಯೇ. ವಿಕ್ರಾಂತ್ ಇದ್ದದ್ದು ಬಂಗಾಳ ಕೊಲ್ಲಿಯಲ್ಲಿ. ಅದೇ ದಿನ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆಗ ಆ ವಿಮಾನಗಳ ಸ್ಕ್ವಾಡ್ರನ್ನಿನ, ಅಂದರೆ ಬಿಳಿ ಹುಲಿಗಳ, ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತ ಅವರಿಗೆ ಮಹಾವೀರ ಚಕ್ರ ಸಂದಿತು. ದಿನಾಂಕ ಒಂದೇ ಆದದ್ದರಿಂದ ಎರಡು ಘಟನೆಗಳು ಒಂದೇ ಚಿತ್ರದಲ್ಲಿ ಬೆರೆತುಹೋಗುವುದು ಸಾಮಾನ್ಯ. ಹಿನ್ನೆಲೆಯಲ್ಲಿ ಬಂದರು ಬೇಕೇಬೇಕೆಂದರೆ ಚಿತ್ತಗಾಂಗ್ ಇರಲಿ. ಬರಿಯ ಸಮುದ್ರ ಸಾಕೆನ್ನುವುದು ನಮ್ಮ ಅಭಿಪ್ರಾಯ.

ಧ್ವಜದಲ್ಲಿ ನೀಲಿ ಅಷ್ಟಕೋನದ ಮುದ್ರೆ ಇದೆಯೇ ಎಂಬುದನ್ನು ತಾವು ತಿಳಿಸಿಲ್ಲ. ಇದ್ದರೆ ಅದು 2022ರ ಸೆಪ್ಟೆಂಬರ್ 2ರಂದು, ಹೊಸ ವಿಕ್ರಾಂತ್ ಕೊಚ್ಚಿಯಲ್ಲಿ ಸೇವೆಗೆ ಸೇರಿದ ದಿನ, ಜಾರಿಗೆ ಬಂದ ಧ್ವಜ. 1971ರಲ್ಲಿ ಹಾರುತ್ತಿದ್ದದ್ದು ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆ, ಮೇಲಿನ ಮೂಲೆಯಲ್ಲಿ ತ್ರಿವರ್ಣ ಇದ್ದ ಧ್ವಜ. ಇಂದಿನವರಿಗೆ ಅದು ವಸಾಹತುಕಾಲದ ಉಳಿಕೆಯಂತೆ ಕಾಣಬಹುದು, ಆದರೆ ತಮ್ಮ ಮಾವನವರು ವಂದನೆ ಸಲ್ಲಿಸಿದ್ದು ಆ ಧ್ವಜಕ್ಕೆ.

ಕಡೆಯದಾಗಿ ಒಂದು ಸಲಹೆ. ಇಂತಹ ಪೋಸ್ಟರುಗಳಲ್ಲಿ ಹಡಗಿನ ಮೂತಿಯ ಎರಡೂ ಕಡೆ ನೊರೆ ಎದ್ದು ಅಬ್ಬರಿಸುವಂತೆ ಬರೆಯುವ ರೂಢಿಯಿದೆ. 1971ರಲ್ಲಿ ವಿಕ್ರಾಂತ್‌ನ ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟಿದ್ದರಿಂದ ಅದು ಪೂರ್ಣ ವೇಗದಲ್ಲಿ ಹೋಗುವಂತಿರಲಿಲ್ಲ. ವಿಮಾನವನ್ನು ಚಿಮ್ಮಿಸಲು ಹಡಗಿನ ಮೇಲೆ ಎದುರುಗಾಳಿ ಬೇಕು, ಹಡಗು ನಿಧಾನವಾದಷ್ಟೂ ಆ ಗಾಳಿ ಕಡಿಮೆ. ಅಂತಹ ಸ್ಥಿತಿಯಲ್ಲೂ ವಿಮಾನಗಳು ದಿನದಿನವೂ ಹಾರಿ ಮರಳಿದವು ಎನ್ನುವುದೇ ಆ ಸ್ಕ್ವಾಡ್ರನ್ನಿನ ಮತ್ತು ಅದರ ದುರಸ್ತಿ ಸಿಬ್ಬಂದಿಯ ಹೆಗ್ಗಳಿಕೆ. ನೊರೆಯನ್ನು ಸ್ವಲ್ಪ ತಗ್ಗಿಸಿ, ವಿಮಾನದ ಬಳಿ ಕೆಲಸ ಮಾಡುತ್ತಿರುವ ಒಂದಿಬ್ಬರು ಸಿಬ್ಬಂದಿಯನ್ನು ಬರೆಯಿಸಿದರೆ ಮಾವನವರಿಗೆ ಅದು ತಮ್ಮದೇ ಚಿತ್ರವೆನಿಸುತ್ತದೆ.

ಪ್ರಶ್ನೆ: ಬಿಳಿ ಹುಲಿಗಳ ಸ್ಕ್ವಾಡ್ರನ್ ಒಂದು ಕಡೆ ಸೀ ಹಾಕ್, ಇನ್ನೊಂದು ಕಡೆ ಸೀ ಹ್ಯಾರಿಯರ್, ಮತ್ತೊಂದು ಕಡೆ ಮಿಗ್ ಎಂದು ಬರುತ್ತದೆ. ಇವು ಮೂರು ಬೇರೆ ಬೇರೆ ಸ್ಕ್ವಾಡ್ರನ್‌ಗಳೇ? (ವಿದ್ಯಾರ್ಥಿ, ಸೇಡಂ)

ಉತ್ತರ: ಒಂದೇ ಸ್ಕ್ವಾಡ್ರನ್. ಭಾರತೀಯ ನೌಕಾ ವಾಯುದಳದ 300ನೇ ಸ್ಕ್ವಾಡ್ರನ್ 1960ರ ಜುಲೈನಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಬ್ರಾಡಿ ನೆಲೆಯಲ್ಲಿ ಸೀ ಹಾಕ್ ವಿಮಾನಗಳೊಂದಿಗೆ ಆರಂಭವಾಯಿತು. ವಿಕ್ರಾಂತ್ ಮೇಲೆ ಮೊದಲ ಜೆಟ್ ವಿಮಾನವನ್ನು 1961ರ ಮೇ 18ರಂದು ಇಳಿಸಿದವರು ಲೆಫ್ಟಿನೆಂಟ್ ಆರ್.ಎಚ್. ತಹಿಲಿಯಾನಿ, ಮುಂದೆ ಅವರು ನೌಕಾಪಡೆಯ ಮುಖ್ಯಸ್ಥರೂ ಆದರು. 1983ರ ಡಿಸೆಂಬರ್‌ನಲ್ಲಿ ಮೊದಲ ಸೀ ಹ್ಯಾರಿಯರ್‌ಗಳು ಗೋವಾಕ್ಕೆ ಬಂದವು. ಅವು 2016ರ ಮೇ 11ರಂದು ಗೋವಾದ ಹಂಸ ನೆಲೆಯಲ್ಲಿ ನಿವೃತ್ತವಾದವು, ಅದೇ ದಿನ 300ನೇ ಸ್ಕ್ವಾಡ್ರನ್ ಮಿಗ್-29ಕೆ ವಿಮಾನಗಳನ್ನು ವಹಿಸಿಕೊಂಡಿತು. ವಿಮಾನ ಬದಲಾದರೂ ಸಂಖ್ಯೆ, ಹೆಸರು ಮತ್ತು ಹುಲಿ ಬದಲಾಗಲಿಲ್ಲ. ಮಿಗ್-29ಕೆ ಮೊದಲು ಬಂದದ್ದು ಮಾತ್ರ 2013ರ ಮೇ ತಿಂಗಳಿನಲ್ಲಿ ಆರಂಭವಾದ 303ನೇ ಸ್ಕ್ವಾಡ್ರನ್‌ಗೆ, ಅವರು ಕಪ್ಪು ಚಿರತೆಗಳು. ಇವೆರಡನ್ನು ಒಂದಾಗಿಸಬೇಡಿ. ಹಾಗೆಯೇ 310ನೇ ಸ್ಕ್ವಾಡ್ರನ್ ಕೋಬ್ರಾಗಳದ್ದು. ಅವರ ಆಲಿಝೆ ವಿಮಾನ ಮೂಗಿನಲ್ಲಿ ಪ್ರೊಪೆಲರ್ ಇದ್ದ ಜಲಾಂತರ್ಗಾಮಿ ಬೇಟೆಯ ವಿಮಾನ. 1971ರಲ್ಲಿ ವಿಕ್ರಾಂತ್ ಮೇಲೆ ಅದೂ ಇತ್ತಾದರೂ ಅದನ್ನು ಯುದ್ಧವಿಮಾನ ಸ್ಕ್ವಾಡ್ರನ್ ಎನ್ನುವುದಿಲ್ಲ.

ಮೂರೂ ವಿಮಾನಗಳನ್ನು ಸಾಲಾಗಿ ಒಂದೇ ಆಕಾಶದಲ್ಲಿ ಹಾರಿಸಿದ ಪೋಸ್ಟರುಗಳು ಮಾರಾಟಕ್ಕಿವೆ. ವಂಶವೃಕ್ಷದಂತೆ ಒಂದರ ಕೆಳಗೊಂದು ಬರೆದರೆ ಅಡ್ಡಿಯಿಲ್ಲ. ಒಂದೇ ಹಡಗಿನ ಮೇಲೆ ಮೂರನ್ನೂ ಇಟ್ಟರೆ ಮಾತ್ರ ಅದು ಯಾವ ವರ್ಷದ ಚಿತ್ರವೂ ಆಗುವುದಿಲ್ಲ.

ಪ್ರಶ್ನೆ: ನಮ್ಮದು ಬಿದರಿ ಕೆಲಸದ ಮನೆತನ. ಗೋವಾದಲ್ಲಿ ನೌಕಾಪಡೆಯಲ್ಲಿದ್ದು ಬಂದ ಗಿರಾಕಿಯೊಬ್ಬರು ಸ್ಕ್ವಾಡ್ರನ್ನಿನ ಬಿಳಿ ಹುಲಿಯ ಮುಖ ಮತ್ತು ಹಳೆಯ ಸೀ ಹಾಕ್ ವಿಮಾನವಿರುವ ಗೋಡೆಯ ತಟ್ಟೆಯನ್ನು ಮಾಡಿಕೊಡಿ ಎಂದು ಕೇಳಿದ್ದಾರೆ. ಹೂಬಳ್ಳಿ ಬಿಟ್ಟು ಇಂತಹದ್ದನ್ನು ಮಾಡಿದರೆ ಬಿದರಿಯ ಹೆಸರು ಕೆಡುತ್ತದೆಯೇ? ಹುಲಿಯ ಪಟ್ಟೆಗಳನ್ನು ಹೇಗೆ ತೆಗೆಯುವುದು? (ಓದುಗರು, ಬೀದರ್)

ಉತ್ತರ: ಈ ಸಂಚಿಕೆಯ ಪತ್ರಗಳಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು ತಮ್ಮದು. ಹೆಸರು ಕೆಡುವ ಪ್ರಶ್ನೆಯೇ ಇಲ್ಲ. ಬಿದರಿಯ ಮೇಲೆ ಹುಕ್ಕಾದ ಬುಡ, ಸುರಾಹಿ, ಪಾನದಾನಗಳ ಕಾಲದಿಂದಲೂ ಗಿರಾಕಿ ಕೇಳಿದ ಆಕಾರ ಬಂದಿದೆ. 2006ರಲ್ಲಿ ದೊರೆತ ಭೌಗೋಳಿಕ ಗುರುತಿನ ಮಾನ್ಯತೆಯೂ ಹೂವಿನ ನಮೂನೆಗೆ ಸೀಮಿತವಾದದ್ದಲ್ಲ.

ಕಸುಬನ್ನು ತಮಗೆ ಹೇಳಿಕೊಡುವ ಯೋಗ್ಯತೆ ನಮಗಿಲ್ಲ, ವಿನ್ಯಾಸದ ಬಗ್ಗೆ ಮಾತ್ರ ಹೇಳುತ್ತೇವೆ. ಬೇರೆ ಓದುಗರ ಅನುಕೂಲಕ್ಕೆ ಕೆಲಸದ ಕ್ರಮವನ್ನು ಚುಟುಕಾಗಿ ನೆನಪಿಸುವುದಾದರೆ, ಹೆಚ್ಚಿನ ಪಾಲು ಸತು ಮತ್ತು ಅಲ್ಪ ಪಾಲು ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ, ಗೀರು ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಕೊರೆದ ಜಾಗದಲ್ಲಿ ಬೆಳ್ಳಿಯನ್ನು ಕೂರಿಸಿ, ಮತ್ತೆ ಉಜ್ಜಿ, ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಿಂದ ಬಿಸಿ ಮಾಡಿದ ಲೋಹವನ್ನು ತಿಕ್ಕಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿದು ಹೊಳೆಯುತ್ತದೆ.

ಹುಲಿಯ ಮುಖಕ್ಕೆ ತಂತಿಯ ತಾರಕಶಿ ಕೆಲಸವನ್ನು ಆರಿಸಿಕೊಂಡರೆ ಬೆಳ್ಳಿಯ ಗೆರೆಯಲ್ಲಿ ಬರೆದ ಕಪ್ಪು ಹುಲಿ ಬರುತ್ತದೆ, ಬಿಳಿ ಹುಲಿ ಬರುವುದಿಲ್ಲ. ಇಲ್ಲಿ ಬೇಕಾದದ್ದು ಆಫ್ತಾಬಿ. ಅದರಲ್ಲಿ ಬೆಳ್ಳಿಯ ತಗಡೇ ನೆಲವನ್ನು ತುಂಬಿಕೊಂಡು, ಕತ್ತರಿಸಿ ತೆಗೆದ ಭಾಗದಲ್ಲಿ ಕಪ್ಪು ಕಾಣುತ್ತದೆ. ಮುಖವನ್ನು ಒಂದೇ ತಗಡಿನಲ್ಲಿ ಮಾಡಿ, ಹಣೆಯ ಪಟ್ಟೆ, ಕೆನ್ನೆಯ ಪಟ್ಟೆ ಮತ್ತು ಕಣ್ಣಿನ ಸುತ್ತಲಿನ ಗೆರೆಗಳನ್ನು ತಗಡಿನಿಂದ ಕತ್ತರಿಸಿ ತೆಗೆದರೆ, ಕೋಟೆಯ ಮಣ್ಣು ತಾಗಿದಾಗ ಆ ಪಟ್ಟೆಗಳು ತಾವಾಗಿಯೇ ಕಪ್ಪಾಗುತ್ತವೆ. ಪಟ್ಟೆಗಳ ಸಂಖ್ಯೆ ಕಡಿಮೆ ಇರಲಿ, ಪ್ರತಿಯೊಂದೂ ಅಗಲವಾಗಿರಲಿ, ತುದಿಗಳು ಚೂಪಾಗಿರಲಿ. ಮೀಸೆಗಳಿಗೆ ಮಾತ್ರ ತಾರಕಶಿ ಸಾಕು. ವಿಮಾನವನ್ನು ತೆಹನಿಶಾನ್ ಪದ್ಧತಿಯಲ್ಲಿ ತುಂಬು ತಗಡಾಗಿ, ಪಕ್ಕದಿಂದ ಕಾಣುವ ನೆರಳಿನ ಆಕಾರದಲ್ಲಿ ಮಾಡಿ. ಮೇಲೆ ಹೇಳಿದ ಮುಚ್ಚಿದ ಬಾಲ, ನೇರ ರೆಕ್ಕೆ ಮತ್ತು ಕೊಕ್ಕೆ ಈ ಮೂರು ಸರಿಯಾಗಿದ್ದರೆ ಅದು ಸೀ ಹಾಕ್ ಎಂದು ತಿಳಿದವರು ಗುರುತಿಸುತ್ತಾರೆ. ಕಿಟಕಿ, ತಿರುಪು, ಸಂಖ್ಯೆ ಇವನ್ನೆಲ್ಲ ಕೊರೆಯಲು ಹೋಗಬೇಡಿ.

ಹಳೆಯ ಪೋಸ್ಟರು ಮತ್ತು ಬಿದರಿಯ ಹೊಂದಾಣಿಕೆಯ ಗುಟ್ಟು ಇಲ್ಲಿದೆ. ಕಲ್ಲಚ್ಚಿನ ಕಾಲದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕಿದ್ದುದರಿಂದ ಚಿತ್ರಕಾರರು ಬಣ್ಣಗಳನ್ನು ಎಣಿಸಿ ಬಳಸುತ್ತಿದ್ದರು, ನೆರಳುಬೆಳಕನ್ನು ಸಪಾಟು ಆಕಾರಗಳಾಗಿ ಒಡೆಯುತ್ತಿದ್ದರು. ತಮ್ಮ ಕೈಯಲ್ಲಿರುವುದು ಎರಡೇ ಬಣ್ಣ, ಅದೂ ಹುಲಿಗೆ ಹೇಳಿ ಮಾಡಿಸಿದ ಎರಡು ಬಣ್ಣ. ಕಾಗದದ ಮೇಲೆ ಹಳೆಯ ಶೈಲಿಯನ್ನು ನಟಿಸಬೇಕಾಗುತ್ತದೆ, ತಮಗೆ ಆ ತೊಂದರೆ ಇಲ್ಲ.

ಅಂಚಿನಲ್ಲಿ ಹೂಬಳ್ಳಿ ಹಾಕಬಹುದೇ ಎಂಬುದು ಬಹುಶಃ ತಮ್ಮ ಮುಂದಿನ ಪ್ರಶ್ನೆ. ಹಾಕಿ. ಗಿರಾಕಿ ಬೀದರಿಗೆ ಬಂದು ಕೇಳಿದ್ದು ಬೀದರಿನ ವಸ್ತುವನ್ನೇ ಅಲ್ಲವೇ?

ಪ್ರಶ್ನೆ: ಬೀದರಿನ ಆಕಾಶದಲ್ಲಿ ಕಾಣುವ ಸೂರ್ಯಕಿರಣ ತಂಡವೂ ನೌಕಾಪಡೆಯದ್ದೇ? ಪೋಸ್ಟರಿನಲ್ಲಿ ಸೇರಿಸಬಹುದೇ? (ಓದುಗರು, ಹುಮನಾಬಾದ್)

ಉತ್ತರ: ಅಲ್ಲ. ಸೂರ್ಯಕಿರಣ ವಾಯುಪಡೆಯ ತಂಡ. 1996ರಲ್ಲಿ ಆರಂಭವಾದಾಗ ಕಿರಣ್ ವಿಮಾನಗಳನ್ನು ಹಾರಿಸುತ್ತಿತ್ತು, ಈಗ ಕೆಂಪು ಬಿಳಿ ಬಣ್ಣದ ಹಾಕ್ ವಿಮಾನಗಳನ್ನು ಹಾರಿಸುತ್ತಿದೆ. ಹಾಕ್ ತರಬೇತಿ ವಿಮಾನ ಮತ್ತು ಸೀ ಹಾಕ್ ಎರಡೂ ಬೇರೆ ಬೇರೆ, ಹೆಸರಿನ ಹೋಲಿಕೆಯಿಂದ ಮೋಸಹೋಗಬೇಡಿ. ನೌಕಾಪಡೆಯೂ ಗೋವಾದಲ್ಲಿ ಹಾಕ್ ತರಬೇತಿ ವಿಮಾನಗಳನ್ನು ಇಟ್ಟುಕೊಂಡಿದೆ ಎಂಬಷ್ಟೇ ಇವೆರಡರ ನಂಟು.

ಪ್ರಶ್ನೆ: ನಾನು ಚಿತ್ರಕಲೆಯ ವಿದ್ಯಾರ್ಥಿನಿ. ಹಳೆಯ ಶೈಲಿ ಎಂದರೆ ಎಲ್ಲರೂ ವಿದೇಶದ ಪ್ರವಾಸಿ ಪೋಸ್ಟರುಗಳನ್ನೇ ತೋರಿಸುತ್ತಾರೆ. 1960, 70ರ ದಶಕದ ಭಾರತೀಯ ನೌಕಾ ವಿಮಾನಗಳನ್ನು ಬರೆಯಲು ಅದೇ ಶೈಲಿ ಬೇಕೇ? (ಓದುಗರು, ಕಲಬುರಗಿ)

ಉತ್ತರ: ಬೇಕಾಗಿಲ್ಲ. ತಾವು ಕಲಬುರಗಿಯಲ್ಲಿದ್ದುಕೊಂಡು ಈ ಪ್ರಶ್ನೆ ಕೇಳಿರುವುದರಿಂದ ಉತ್ತರ ಕೊಡುವುದು ಸುಲಭವಾಯಿತು. 1916ರಲ್ಲಿ ತಮ್ಮ ಊರಿನಲ್ಲೇ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಪತ್ರಿಕೆಯ ಮುಖಪುಟ ಮತ್ತು ಕ್ಯಾಲೆಂಡರ್ ಚಿತ್ರಗಳಲ್ಲಿ ಹೆಸರು ಮಾಡಿದವರು. ಎಣ್ಣೆಬಣ್ಣದಷ್ಟೇ ಸಲೀಸಾಗಿ ಗ್ವಾಷ್ ಎನ್ನುವ ದಪ್ಪ ಜಲವರ್ಣವನ್ನೂ ಬಳಸಿದವರು. ದೇಹದ ತುಂಬುತನ, ಒಂದು ಕಡೆಯಿಂದ ಬೀಳುವ ಬಂಗಾರದ ಬೆಳಕು, ಹಿನ್ನೆಲೆಯಲ್ಲಿ ಮಂಜಿನಂತೆ ಕರಗುವ ಬೆಟ್ಟ ಮತ್ತು ಮೋಡ, ಇವು ಆ ಕಾಲದ ನಮ್ಮ ಮನೆಗಳ ಗೋಡೆಯ ಮೇಲಿದ್ದ ದೃಶ್ಯಭಾಷೆ. 1960ರ ದಶಕದ ಭಾರತೀಯ ನಾವಿಕನೊಬ್ಬ ರಜೆಯ ಮೇಲೆ ಊರಿಗೆ ಬಂದಾಗ ಮನೆಯಲ್ಲಿ ನೋಡುತ್ತಿದ್ದದ್ದು ಕ್ಯಾಲೆಂಡರನ್ನು, ಫ್ರೆಂಚ್ ಸಮುದ್ರತೀರದ ಪೋಸ್ಟರನ್ನಲ್ಲ.

ಹಾಗೆಂದು ಪಂಡಿತರ ಪೌರಾಣಿಕ ಚಿತ್ರಗಳನ್ನು ನಕಲು ಮಾಡಿ ಅವುಗಳ ನಡುವೆ ವಿಮಾನವನ್ನು ತೂರಿಸಿ ಎಂದು ನಾವು ಹೇಳುತ್ತಿಲ್ಲ. ಅವರಿಂದ ಕಲಿಯಬೇಕಾದದ್ದು ಬೆಳಕಿನ ನಿರ್ವಹಣೆ. ಯುದ್ಧವಿಮಾನ ಬೂದು ಬಣ್ಣದ ಲೋಹ, ಅದರ ಮೈಮೇಲೆ ಬೀಳುವ ಬೆಳಗಿನ ಬೆಳಕೇ ಚಿತ್ರದ ಬಣ್ಣವನ್ನು ನಿರ್ಧರಿಸುತ್ತದೆ. ಸಪಾಟು ಬಣ್ಣದ ವಿದೇಶಿ ಶೈಲಿಗೂ ತನ್ನ ಜಾಗವಿದೆ. ಸ್ಕ್ರೀನ್ ಪ್ರಿಂಟಿಂಗ್ ಮಾಡಿಸುವುದಾದರೆ ಪ್ರತಿ ಬಣ್ಣಕ್ಕೂ ಒಂದು ಪರದೆ ಬೇಕಾಗುವುದರಿಂದ ಅದು ಖರ್ಚಿಗೂ ಅನುಕೂಲ. ಕ್ಯಾಲೆಂಡರ್ ಶೈಲಿಯ ಚಿತ್ರವನ್ನು ಆಫ್‌ಸೆಟ್ ಅಥವಾ ಡಿಜಿಟಲ್ ಮುದ್ರಣಕ್ಕೇ ಕೊಡಬೇಕಾಗುತ್ತದೆ. ನಗರದಲ್ಲಿರುವ ಪಂಡಿತರ ಸಂಗ್ರಹಾಲಯದಲ್ಲಿ ಮೂಲಚಿತ್ರಗಳ ಹತ್ತಿರ ನಿಂತು ಕುಂಚದ ಗೀಟುಗಳನ್ನು ನೋಡಿ, ಮುದ್ರಿತ ಪ್ರತಿಗಳಲ್ಲಿ ಅವು ಕಾಣುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಒಂದು ಪೋಸ್ಟರು ತಂದುಕೊಟ್ಟಿದ್ದಾನೆ. ಎರಡು ಅಂತಸ್ತಿನ ರೆಕ್ಕೆಯ ಗುಂಡುಗುಂಡನೆಯ ವಿಮಾನ, ಹಳದಿ ರೆಕ್ಕೆ, ನೀಲಿ ಬಾಲ. ಪಕ್ಕದಲ್ಲಿ ಬಾಂಬು ಹಿಡಿದು ಓಡುತ್ತಿರುವ ಕಪ್ಪು ಬೆಕ್ಕು. ಇದು ಮಕ್ಕಳ ಚಿತ್ರವೇ, ಏನಾದರೂ ಇತಿಹಾಸವಿದೆಯೇ? (ಓದುಗರು, ಯಾದಗಿರಿ)

ಉತ್ತರ: ಇತಿಹಾಸ ದಂಡಿಯಾಗಿದೆ. ಆ ಬೆಕ್ಕಿನ ಹೆಸರು ಫೀಲಿಕ್ಸ್, ಮೂಕಿಚಿತ್ರಗಳ ಕಾಲದ ವ್ಯಂಗ್ಯಚಿತ್ರದ ಪಾತ್ರ. 1930ರ ದಶಕದಿಂದ ಅದು ಅಮೆರಿಕದ ನೌಕಾ ಯುದ್ಧವಿಮಾನ ಸ್ಕ್ವಾಡ್ರನ್ ಒಂದರ ಲಾಂಛನ. ಆ ಸ್ಕ್ವಾಡ್ರನ್ನಿನ ಸಂಖ್ಯೆ ಹಲವು ಸಲ ಬದಲಾಗಿ ಇಂದು ಅದು 31ನೆಯದಾಗಿದೆ, ಬೆಕ್ಕು ಮಾತ್ರ ಅದೇ. ತಾವು ವರ್ಣಿಸಿದ ವಿಮಾನ ಗ್ರಮನ್ ಕಂಪನಿಯ ಎಫ್3ಎಫ್ ಇರಬೇಕು.

ಬಣ್ಣಗಳು ಚಿತ್ರಕಾರನ ಕಲ್ಪನೆಯಲ್ಲ. ವಿಮಾನ ಸಮುದ್ರಕ್ಕೆ ಬಿದ್ದರೆ ಹುಡುಕುವವರಿಗೆ ದೂರದಿಂದ ಕಾಣಲೆಂದು ಮೇಲಿನ ರೆಕ್ಕೆಯ ಮೇಲ್ಭಾಗಕ್ಕೆ ಹಳದಿ ಬಳಿಯುತ್ತಿದ್ದರು. ಬಾಲದ ಬಣ್ಣ ಹಡಗಿಗೆ ಸೇರಿದ್ದು: ನೀಲಿ ಎಂದರೆ ಎಂಟರ್‌ಪ್ರೈಸ್, ಬಿಳಿ ಎಂದರೆ ಸಾರಟೋಗ, ಹಳದಿ ಎಂದರೆ ಲೆಕ್ಸಿಂಗ್ಟನ್, ಕೆಂಪು ಎಂದರೆ ಯಾರ್ಕ್‌ಟೌನ್, ಹಸಿರು ಎಂದರೆ ರೇಂಜರ್, ಕಪ್ಪು ಎಂದರೆ ವಾಸ್ಪ್. ಸ್ಕ್ವಾಡ್ರನ್ನಿನ 18 ವಿಮಾನಗಳನ್ನು ಮೂರು ಮೂರರಂತೆ ಆರು ಗುಂಪು ಮಾಡಿ ಪ್ರತಿ ಗುಂಪಿಗೂ ಒಂದು ಬಣ್ಣ ಕೊಡುತ್ತಿದ್ದರು. ಎಂಜಿನ್ನಿನ ಸುತ್ತಲಿನ ಹೊದಿಕೆಯನ್ನು ನೋಡಿ. ಪೂರ್ತಿ ಬಣ್ಣವಿದ್ದರೆ ಅದು ಗುಂಪಿನ ನಾಯಕನದು, ಮೇಲಿನ ಅರ್ಧಕ್ಕೆ ಮಾತ್ರ ಇದ್ದರೆ ಎರಡನೆಯವನದು, ಕೆಳಗಿನ ಅರ್ಧಕ್ಕಿದ್ದರೆ ಮೂರನೆಯವನದು. ಕೆಂಪು ಮೊದಲ ಗುಂಪು, ಬಿಳಿ ಎರಡನೆಯದು, ನೀಲಿ ಮೂರನೆಯದು, ಕಪ್ಪು ನಾಲ್ಕನೆಯದು, ಹಸಿರು ಐದನೆಯದು, ನಿಂಬೆ ಹಳದಿ ಆರನೆಯದು. ತಮ್ಮ ಪೋಸ್ಟರಿನ ವಿಮಾನ ಯಾವ ಹಡಗಿನದು, ಎಷ್ಟನೆಯದು ಎಂಬುದನ್ನು ತಾವು ಯಾದಗಿರಿಯಲ್ಲಿ ಕುಳಿತೇ ಓದಬಹುದು. ಯುದ್ಧ ಹತ್ತಿರವಾದಂತೆ, 1940ರ ಕೊನೆಯ ಹೊತ್ತಿಗೆ, ಈ ವೈಭವವೆಲ್ಲ ಹೋಗಿ ಎಲ್ಲ ವಿಮಾನಗಳಿಗೂ ಬೂದು ಬಣ್ಣ ಬಂದಿತು. ಹಳೆಯ ಶೈಲಿಯ ನೌಕಾ ಚಿತ್ರಕಾರರು ಹಳದಿ ರೆಕ್ಕೆಯ ಆ ಕೆಲವೇ ವರ್ಷಗಳಿಗೆ ಮತ್ತೆ ಮತ್ತೆ ಮರಳುವುದು ಇದೇ ಕಾರಣಕ್ಕೆ. 2011ರಲ್ಲಿ ತಮ್ಮ ನೌಕಾ ವಾಯುದಳದ ಶತಮಾನೋತ್ಸವ ಆಚರಿಸಿದಾಗ ಅಮೆರಿಕನ್ನರು ಹೊಸ ವಿಮಾನಗಳಿಗೇ ಹಳೆಯ ಬಣ್ಣಗಳನ್ನು ಬಳಿದು ಹಾರಿಸಿದ್ದರು.

ವ್ಯಂಗ್ಯಚಿತ್ರದ ಲಾಂಛನಗಳ ಬಗ್ಗೆ ಒಂದು ಮಾತು. ಎರಡನೆಯ ಮಹಾಯುದ್ಧದಲ್ಲಿ ಡಿಸ್ನಿ ಸ್ಟುಡಿಯೋ ಸೇನೆಯ ಘಟಕಗಳಿಗೆ 1,200ಕ್ಕೂ ಹೆಚ್ಚು ಲಾಂಛನಗಳನ್ನು ಬರೆದುಕೊಟ್ಟಿತು. ನಮ್ಮ ನೌಕಾ ಸ್ಕ್ವಾಡ್ರನ್‌ಗಳ ಹುಲಿ, ಚಿರತೆ, ನಾಗರಗಳು ಆ ತಮಾಷೆಯ ದಾರಿಯನ್ನು ಹಿಡಿಯಲಿಲ್ಲ.

ಪ್ರಶ್ನೆ: ನೌಕಾಪಡೆ ದಿನಕ್ಕೆ ಸ್ಕ್ವಾಡ್ರನ್ ಲಾಂಛನವಿರುವ ಟೀ ಶರ್ಟು ಮತ್ತು ಪೋಸ್ಟರು ಮಾಡಿ ಮಾರಬೇಕೆಂದಿದ್ದೇವೆ. ಸುರಪುರದ ಹಳೆಯ ಚಿತ್ರಗಳಂತೆ ಬಂಗಾರದ ರೇಖು ಹಚ್ಚಿದ ಕೆಲವು ವಿಶೇಷ ಪ್ರತಿಗಳನ್ನೂ ಮಾಡುವ ಆಲೋಚನೆಯಿದೆ. ಕಾನೂನಿನ ತೊಡಕು ಉಂಟೇ? (ಗೆಳೆಯರ ಬಳಗ, ಸುರಪುರ)

ಉತ್ತರ: ಉಂಟು. ನೌಕಾಪಡೆಯ ಮುದ್ರೆಯಲ್ಲಿ ಅಶೋಕ ಸ್ತಂಭದ ಸಿಂಹಗಳಿವೆ. ರಾಷ್ಟ್ರಲಾಂಛನದ ದುರುಪಯೋಗವನ್ನು ತಡೆಯುವ 2005ರ ಕಾಯ್ದೆಯ ಪ್ರಕಾರ ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಇಡೀ ಲಾಂಛನವನ್ನು ಹಾಗೆಯೇ ಎತ್ತಿಕೊಂಡು ಟೀ ಶರ್ಟಿನ ಮೇಲೆ ಅಚ್ಚು ಹಾಕಿಸುವುದನ್ನು ಬಿಡಿ, ಬೇಕೇಬೇಕಿದ್ದರೆ ನೌಕಾಪಡೆಯಿಂದ ಲಿಖಿತ ಅನುಮತಿ ಪಡೆದೇ ಮುಂದುವರಿಯಿರಿ. ಬಿಳಿ ಹುಲಿಯೊಂದನ್ನು ತಾವೇ ಹೊಸದಾಗಿ ಬರೆದು, ಅದರ ಜೊತೆ ವಿಮಾನ ಮತ್ತು ವರ್ಷವನ್ನು ಹಾಕಿದರೆ ಇಂತಹ ತೊಡಕು ಬಹುತೇಕ ಇರುವುದಿಲ್ಲ, ಚಿತ್ರವೂ ತಮ್ಮದೇ ಆಗುತ್ತದೆ. ಇದು ಸೇನೆಯ ಅಧಿಕೃತ ವಸ್ತು ಎಂದು ಕೊಳ್ಳುವವರು ಭಾವಿಸುವಂತಹ ಬರಹ ಬೇಡ. ಬೇರೆಯವರು ತೆಗೆದ ಫೋಟೊವನ್ನು ಗೆರೆ ಎಳೆದು ಚಿತ್ರವಾಗಿಸಿದರೂ ಫೋಟೊದ ಹಕ್ಕು ಅವರದೇ ಎಂಬುದು ನೆನಪಿರಲಿ.

ಬಂಗಾರದ ರೇಖಿನ ಆಲೋಚನೆ ಒಳ್ಳೆಯದು, ಆದರೆ ವಿಮಾನದ ಮೈಗೆ ಹಚ್ಚಬೇಡಿ. ಸೂರ್ಯನಿಗೋ ಅಂಚಿನ ಪಟ್ಟಿಗೋ ಮೀಸಲಿಡಿ. ವಿಮಾನ ಮಿರುಗತೊಡಗಿದರೆ ಅದು ಪುಷ್ಪಕವಿಮಾನವಾಗುತ್ತದೆ.

ಪ್ರಶ್ನೆ: ಪೋಸ್ಟರು ಹಳೆಯದಾಗಿ ಕಾಣಲು ಚಹಾದ ನೀರಿನಲ್ಲಿ ಅದ್ದಿ ಅಂಚು ಸುಡಬೇಕೆಂದು ಕೆಲವರು ಹೇಳುತ್ತಾರೆ. ಹೌದೇ? (ಓದುಗರು, ಆಳಂದ)

ಉತ್ತರ: ದಯವಿಟ್ಟು ಮಾಡಬೇಡಿ. ಹಳೆಯ ಪೋಸ್ಟರು ಅಚ್ಚಾದ ದಿನ ಹೊಸದಾಗಿಯೇ ಇತ್ತು, ಅದರ ಬಣ್ಣಗಳು ಕಣ್ಣಿಗೆ ರಾಚುವಂತಿದ್ದವು. ಕಲೆ, ಮಡಿಕೆ ಮತ್ತು ಸುಟ್ಟ ಅಂಚುಗಳನ್ನು ಕೃತಕವಾಗಿ ಸೇರಿಸುವುದು ಸ್ಮರಣೆಯೂ ಅಲ್ಲ, ಶೈಲಿಯೂ ಅಲ್ಲ. ಚಹಾದ ಕಲೆಯಿಂದ ಕಾಗದವೂ ಬೇಗ ಹಾಳಾಗುತ್ತದೆ. ನಮ್ಮ ಕಡೆಯ ಬಿಸಿಲು ನಾಲ್ಕು ಬೇಸಿಗೆಯಲ್ಲಿ ಆ ಕೆಲಸವನ್ನು ಬಿಟ್ಟಿಯಾಗಿಯೇ ಮಾಡಿಕೊಡುತ್ತದೆ, ಅದನ್ನು ತಡೆಯುವುದೇ ದೊಡ್ಡ ಪಾಡು. ಆಮ್ಲರಹಿತ ಕಾಗದ ಮತ್ತು ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿ ಎಂದು ಅಂಗಡಿಯವರಿಗೆ ಹೇಳಿ. ಫ್ಲೆಕ್ಸ್ ಹಾಳೆ ಈ ಕೆಲಸಕ್ಕೆ ಸಲ್ಲದು. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ದಪ್ಪ ರಟ್ಟಿನ ಅಂಚು ಇರಲಿ, ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ.

ಪ್ರಶ್ನೆ: ಅಂಚೆಚೀಟಿ ಸಂಗ್ರಹಿಸುವ ನನಗೆ ಸ್ಕ್ವಾಡ್ರನ್‌ಗಳ ಸ್ಮರಣೆಯ ಲಕೋಟೆಗಳಿವೆ ಎಂದು ಕೇಳಿ ಗೊತ್ತು. ಅವೂ ಈ ಕಲೆಯ ಲೆಕ್ಕಕ್ಕೆ ಬರುತ್ತವೆಯೇ? (ನಿವೃತ್ತ ಶಿಕ್ಷಕರು, ಬಸವಕಲ್ಯಾಣ)

ಉತ್ತರ: ಖಂಡಿತವಾಗಿ ಬರುತ್ತವೆ, ನಮ್ಮ ದೇಶದಲ್ಲಿ ಈ ಪ್ರಕಾರದ ಅತ್ಯಂತ ಅಗ್ಗದ ಮತ್ತು ಅತ್ಯಂತ ನಂಬಿಕಸ್ಥ ಮಾದರಿಗಳು ಅವೇ. ಸೇನಾ ಅಂಚೆ ಸೇವೆಯವರು ಘಟಕಗಳ ಬೆಳ್ಳಿಹಬ್ಬ, ಚಿನ್ನದ ಹಬ್ಬಗಳಿಗೆ ವಿಶೇಷ ಲಕೋಟೆಗಳನ್ನು ಹೊರತರುತ್ತಾರೆ. ಲಕೋಟೆಯ ಎಡಭಾಗದಲ್ಲಿ ಲಾಂಛನ ಅಥವಾ ವಿಮಾನ, ಬಲಭಾಗದಲ್ಲಿ ಚೀಟಿ ಮತ್ತು ಆ ದಿನದ ಮೊಹರು ಇರುತ್ತವೆ. ನೌಕಾ ವಾಯುದಳಕ್ಕೆ ರಾಷ್ಟ್ರಪತಿಗಳು 2021ರ ಸೆಪ್ಟೆಂಬರ್ 6ರಂದು ಗೋವಾದಲ್ಲಿ ಧ್ವಜಗೌರವ ನೀಡಿದಾಗಲೂ ವಿಶೇಷ ಲಕೋಟೆ ಬಂದಿತ್ತು. ಕೊಳ್ಳುವಾಗ ಚಿತ್ರಕ್ಕಿಂತ ಮೊದಲು ಮೊಹರನ್ನು ನೋಡಿ, ದಿನಾಂಕ ಮತ್ತು ಊರು ಸ್ಪಷ್ಟವಾಗಿ ಓದಲು ಬರುವಂತಿದ್ದರೆ ಮಾತ್ರ ದುಡ್ಡು ಕೊಡಿ. ಸಂಗ್ರಹದ ಲಕೋಟೆಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಒತ್ತೊತ್ತಾಗಿ ಇಟ್ಟರೆ ಮಳೆಗಾಲದಲ್ಲಿ ಗೋಂದು ಅಂಟಿಕೊಳ್ಳುತ್ತದೆ. ಅಂಚೆಚೀಟಿ ಸಂಗ್ರಾಹಕರ ಅಂಗಡಿಗಳಲ್ಲಿ ಸಿಗುವ ಪುಟಪುಟವಾಗಿರುವ ಆಲ್ಬಮ್‌ನಲ್ಲಿ ಒಂದೊಂದನ್ನೇ ಜೋಡಿಸಿ, ನೇರವಾಗಿ ನಿಲ್ಲಿಸಿಡಿ.